ಟೈಪಿಂಗ್ ಸಾರ್ ಮತ್ತು ಮುಗ್ಗಲು ಹಿಡಿದ ವ್ಯಾನು

ನಮ್ಮ ಟೈಪಿಂಗ್ ಸಾರ್ ಎಂಥವರು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಬುದ್ಧಿವಂತರು ಎನ್ನಲು ಹೋದರೆ ಅವರ ವ್ಯಾನು ನೆನಪಾಗುತ್ತದೆ. ಪೆದ್ದರು ಎನ್ನಲು ಹೋದರೂ ಅದೇ ವ್ಯಾನು ನೆನಪಾಗುತ್ತದೆ. ಅವರು ತೀರಿಕೊಂಡ ಸುದ್ದಿ ಹೇಳಿದ್ದು ಅವರ ತಂಗಿಯ ಮಗ. "ಮಾವ ನಿಮ್ಮ ಮಾತು ಬಂದಾಗೆಲ್ಲ ‘ಆಕೆ ನನ್ನ ಮೂಗು ಕಣೋ’ ಅಂತಿದ್ರು. ಯಾಕೆ ಅಂತ ನಮಗ್ಯಾರ್ಗೂ ಗೊತ್ತಿಲ್ಲ" ಎಂದ. ಸತ್ತವರ ಮನೆಯಲ್ಲಿ ನಿಂತು ಅದನ್ನೆಲ್ಲ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನಲ್ಲಿ ಒಂದು ಸೈಕಲ್ ಶಾಪಿನ ಮಹಡಿಯ ಮೇಲೆ ಸಾರ್‌ದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟು. ಸಾರ್ ಎತ್ತರದ ಆಳು, ಕಡ್ಡಿಯಂಥ ಮೈ, ಮುಖದ ತುಂಬ ಸಿಡುಬಿನ ಕಲೆ. ಮದುವೆಯಾಗಿರಲಿಲ್ಲ. ಅವರಿಗೆ ಈ ಲೋಕದಲ್ಲಿ ಇದ್ದ ವೈರಿ ಒಂದೇ, ಧೂಳು. "ಧೂಳು ಯಾರ ನೆಂಟನೂ ಅಲ್ಲ ಕಣ್ರಮ್ಮ" ಎನ್ನುವುದು ಅವರ ಬಾಯಿಪಾಠ. ದೇವರಾಯನದುರ್ಗದ ದೇವಸ್ಥಾನದ ಜಗಲಿಯಲ್ಲೂ ಕರ್ಚೀಫು ಝಾಡಿಸಿ, ಕಲ್ಲು ಒರೆಸಿಯೇ ಕೂರುವರು. ಇನ್‌ಸ್ಟಿಟ್ಯೂಟಿನಲ್ಲಿ ಗಂಟೆ ಹೊಡೆಯಿತೋ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮೆಷಿನ್ನಿಗೆ ಬ್ರಷ್ ಆಡಿಸಬೇಕು, ತಕ್ಷಣ ರೆಕ್ಸಿನ್ ಕವರು ಎಳೆಯಬೇಕು. ನಾನು ಕಲಿಯಲು ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಕವರು ಹಾಕದೆ ಬಂದಿದ್ದೆ. ಸಾರ್ ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದು, ಹೊರಟ ಬಸ್ಸನ್ನು ನಿಲ್ಲಿಸಿ, "ನಿಮ್ಮ ಮೆಷಿನ್ನು ಬರೀ ಮೈಯಲ್ಲಿದೆಯಮ್ಮ" ಎಂದರು. ಇಡೀ ಬಸ್ಸು ನನ್ನನ್ನು ನೋಡಿತು. ಇಳಿದು ವಾಪಸ್ಸು ಹೋಗಿ ಕವರು ಹಾಕಿ ಬಂದೆ.

ಅವರ ಇನ್ನು ಕೆಲವು ನಡವಳಿಕೆ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಕೆಲವು ದಿನ ಮೈಗೆ ಅತ್ತರು ಸುರಿದುಕೊಂಡು ಬರುವರು. ಹಚ್ಚಿಕೊಂಡು ಅಲ್ಲ, ಸುರಿದುಕೊಂಡು. ಹುಡುಗಿಯರು ಸೆರಗು ಬಾಯಿಗೆ ಇಟ್ಟುಕೊಂಡು ನಗುವರು. ಒಂದು ಸಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಅಮ್ಮನ ಸಾರು ತಳ ಹತ್ತಿ ಬೀದಿಯವರೆಗೂ ಸೀದ ವಾಸನೆ. ಅಮ್ಮ ನಾಚಿಕೆಯಿಂದ ಸಾಯುತ್ತಿದ್ದರೆ ಸಾರ್ ಎರಡನೇ ಸಲ ಹಾಕಿಸಿಕೊಂಡು, "ಘಮ ಅಂತಿದೆ ತಾಯಿ" ಎಂದರು. ಅಮ್ಮ ಆಮೇಲೆ ನನ್ನನ್ನು ಕೇಳಿದಳು. "ಆಯಪ್ಪ ಹೊಗಳಿದ್ರೋ ಆಡ್ಕೊಂಡ್ರೋ?" ನನಗೂ ಗೊತ್ತಾಗಲಿಲ್ಲ.

ಇನ್ನು ವ್ಯಾನು. ಯಾರೋ ಇಬ್ಬರು ಪರದೇಶದವರು, ಗಂಡಸಿಗೂ ಹೆಂಗಸಿಗೂ ಸಮಸಮ ಉದ್ದ ಕೂದಲು, ಪೂನಾ ರಸ್ತೆಯಲ್ಲಿ ಆ ವ್ಯಾನು ಕೆಟ್ಟು ನಿಂತಾಗ ಅದನ್ನು ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟು ರೈಲು ಹತ್ತಿ ಹೋದರಂತೆ. ಮಳೆಗಾಲವೆಲ್ಲ ಅದು ಸೋರುವ ಶೆಡ್ಡಿನಲ್ಲಿ ನಿಂತಿತ್ತು. ಅದು ಸಾರ್ ಕೈಗೆ ಹೇಗೆ ಬಂತು, ಕಾಗದಪತ್ರ ಹೇಗೆ ಆಯಿತು ಎಂಬುದು ನನಗೆ ಅವತ್ತೂ ಅರ್ಥವಾಗಲಿಲ್ಲ, ಈಗಲೂ ಇಲ್ಲ. ಅದರ ವಿಶೇಷವೆಂದರೆ ಛಾವಣಿ. ಒಳಗಿನಿಂದ ತಳ್ಳಿದರೆ ಛಾವಣಿ ಮೇಲಕ್ಕೆ ಏಳುತ್ತಿತ್ತು, ಸುತ್ತಲೂ ಮಡಿಕೆ ಮಡಿಕೆಯಾಗಿದ್ದ ಕ್ಯಾನ್ವಾಸು ಬಿಚ್ಚಿಕೊಂಡು ಗೋಡೆಯಾಗುತ್ತಿತ್ತು. ಆಗ ಒಳಗೆ ಸಾರ್ ಕೂಡ ನೆಟ್ಟಗೆ ನಿಲ್ಲಬಹುದಿತ್ತು. ಹೊರಡುವಾಗ ಛಾವಣಿ ಇಳಿಸಿ ಚಿಲಕ ಹಾಕಿದರೆ ಕ್ಯಾನ್ವಾಸು ಮತ್ತೆ ಮಡಚಿಕೊಂಡು ಒಳಗೆ ಸೇರುತ್ತಿತ್ತು. ಗುಬ್ಬಿಯಲ್ಲಿ ಮೊದಲ ಸಲ ಛಾವಣಿ ಎತ್ತಿದಾಗ ಒಬ್ಬ ಮುದುಕಪ್ಪ, "ಬುಡಪ್ಪ, ವ್ಯಾನೂ ಛತ್ರಿ ಬಿಚ್ಚೋ ಕಾಲ ಬಂತು" ಎಂದಿದ್ದ.

ಅದನ್ನು ತಂದ ಕಾರಣ ಮಾತ್ರ ಸ್ಪಷ್ಟವಾಗಿತ್ತು. ಗುಬ್ಬಿ, ಕುಣಿಗಲ್ಲು ಕಡೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಮನೆಯಲ್ಲಿ ಕೂತಿದ್ದರು. ಟೈಪಿಂಗ್ ಪಾಸಾದರೆ ಆಫೀಸಿನಲ್ಲೋ ಕೋರ್ಟಿನಲ್ಲೋ ಕೆಲಸ ಸಿಗುವ ಕಾಲ. ಆದರೆ ದಿನಾ ಬಸ್ಸು ಹತ್ತಿಸಿ ತುಮಕೂರಿಗೆ ಹೆಣ್ಣುಮಗಳನ್ನು ಕಳಿಸಲು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ. "ಅವರು ಬರಕ್ಕಾಗಲ್ಲ ಅಂದ್ರೆ ಮೆಷಿನ್ನೇ ಹೋಗ್ಲಿ" ಎಂದರು ಸಾರ್. ವ್ಯಾನಿನಲ್ಲಿ ಬೆಂಚು ಹಾಕಿಸಿ, ಮೆಷಿನ್ನುಗಳನ್ನು ಬಿಗಿದು, ವಾರದಲ್ಲಿ ಕೆಲವು ದಿನ ಗುಬ್ಬಿಗೆ, ಕೆಲವು ದಿನ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ. ಒಳಗೆ ಒಬ್ಬ ಹೆಂಗಸು ಇದ್ದರೆ ಮಾತ್ರ ಮಗಳನ್ನು ಕಳಿಸುತ್ತೇವೆ ಎಂದು ತಾಯಂದಿರು ಪಟ್ಟು ಹಿಡಿದದ್ದರಿಂದ ನನಗೆ ಕೆಲಸ ಸಿಕ್ಕಿತು. ವ್ಯಾನಿನ ಸ್ಟೇರಿಂಗು ಎಡಗಡೆ ಇತ್ತು. ಸಾರ್ ಎಡಕ್ಕೆ ಕೂತು ಓಡಿಸುವರು, ನಾನು ಬಲಕ್ಕೆ, ಡ್ರೈವರ್ ಇರಬೇಕಾದ ಜಾಗದಲ್ಲಿ, ತೊಡೆಯ ಮೇಲೆ ಕೈ ಕಟ್ಟಿಕೊಂಡು ಕೂರುವೆ. ಹೆಬ್ಬೂರಿನ ಹೆಂಗಸರು ಹಾಲಿನ ಕ್ಯಾನು ಕೆಳಗಿಟ್ಟು, ಕೈ ಬಿಟ್ಟು ವ್ಯಾನು ಓಡಿಸುವ ನನ್ನನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೂ ಸ್ವಲ್ಪ ಜಂಬವಾಗುತ್ತಿತ್ತು.

ಆದರೆ ಆ ವ್ಯಾನಿನ ವಾಸನೆ! ಬಾಗಿಲು ತೆಗೆದ ಕೂಡಲೇ ಮುಖಕ್ಕೆ ರಾಚುತ್ತಿತ್ತು. ಮಳೆಗಾಲದಲ್ಲಿ ಒಣಗದೆ ಮೂಲೆಯಲ್ಲಿ ಉಳಿದ ಗೋಣಿಚೀಲದ ವಾಸನೆ, ಬೂಷ್ಟಿನ ವಾಸನೆ. ಒಂದು ಗಂಟೆ ಒಳಗೆ ಕೂತರೆ ಸೀರೆಗೂ ಜಡೆಗೂ ಅಂಟಿಕೊಳ್ಳುತ್ತಿತ್ತು. ಸಾರ್‌ಗೆ ಇದನ್ನು ಮೊದಲು ಹೇಳಿದವಳು ನಾನೇ. ನನ್ನ ಬಾಯಿಗೆ ಬೀಗ ಇಲ್ಲ. "ಗಬ್ಬು ನಾತ ಸಾರ್" ಎಂದೆ. ಅವರು ಗಾಬರಿಯಾಗಿ, "ಹೌದಾ? ಎಷ್ಟು?" ಎಂದು ಕೇಳಿದರು. ನಾತಕ್ಕೆ ಎಷ್ಟು ಎಂದು ಹೇಗೆ ಹೇಳುವುದು? "ನೀವೇ ನೋಡಿ ಸಾರ್" ಎಂದರೆ ಸುಮ್ಮನೆ ತಲೆಯಾಡಿಸಿದರು.

ಅಲ್ಲಿಂದ ಔಷಧೋಪಚಾರ ಶುರು. ಲೋಬಾನದ ಹೊಗೆ ಹಾಕಿದರು. ಮೂಲೆಮೂಲೆಗೆ ಬೇವಿನ ಸೊಪ್ಪು ಕಟ್ಟಿದರು. ನ್ಯಾಫ್ತಲಿನ್ ಗುಳಿಗೆ ಚೆಲ್ಲಿದರು, ಆಗ ಬೂಷ್ಟು ಹಿಡಿದ ಆಸ್ಪತ್ರೆಯ ಹಾಗಾಯಿತು. ಕೊನೆಗೆ ಕಟ್ಟುಕಟ್ಟು ಊದುಬತ್ತಿ. ಪ್ರತಿ ಉಪಚಾರದ ನಂತರವೂ ಸಿಕ್ಕವರನ್ನೆಲ್ಲ ವ್ಯಾನಿನೊಳಗೆ ಹತ್ತಿಸಿ, "ಈಗ ಹೇಗಿದೆ?" ಎಂದು ಕೇಳುವರು. ಮೇಷ್ಟ್ರನ್ನು ಎದುರಿಗೆ ನಿಲ್ಲಿಸಿಕೊಂಡು ನಿಮ್ಮ ಗಾಡಿ ನಾರುತ್ತಿದೆ ಎನ್ನುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಸೈಕಲ್ ಶಾಪಿನವನು, "ಫಸ್ಟ್‌ಕ್ಲಾಸ್ ಸಾರ್" ಎಂದ. ಗುಬ್ಬಿಯ ಹುಡುಗಿಯರು, "ಪರ್ವಾಗಿಲ್ಲ ಸಾರ್, ಏನೂ ಇಲ್ಲ ಸಾರ್" ಎಂದರು. ನಾನು ಮಾತ್ರ, "ಹಾಗೇ ಇದೆ ಸಾರ್" ಎನ್ನುತ್ತಿದ್ದೆ. ಸಾರ್ ನನ್ನ ಮುಖ ಒಂದು ಸಲ, ಅವರ ಮುಖ ಒಂದು ಸಲ ನೋಡುವರು. ಇಷ್ಟು ದೊಡ್ಡ ಮನುಷ್ಯ ತನ್ನ ಮೂಗು ಬಿಟ್ಟು ಊರವರ ಮೂಗು ಯಾಕೆ ಕೇಳುತ್ತಾರೆ ಎಂದು ನನಗೆ ತಲೆ ಕೆಡುತ್ತಿತ್ತು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೇನೋ ಎಂದೂ ಅನ್ನಿಸಿತ್ತು.

ಅಷ್ಟರಲ್ಲಿ ಕುಣಿಗಲ್ಲಿನಲ್ಲಿ ಒಂದು ಘಟನೆಯಾಯಿತು. ನಮ್ಮಲ್ಲಿ ಕಲಿಯುತ್ತಿದ್ದ ಜಯಲಕ್ಷ್ಮಿ ಎಂಬ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವಳು ಕ್ಲಾಸು ಮುಗಿಸಿ ನೇರ ಮನೆಗೆ ಹೋಗಿ ಸೀರೆ ಬದಲಾಯಿಸಿ ಕೂತಿದ್ದಾಳೆ. ತಲೆಗೆ ನೀರು ಹಾಕಿಕೊಳ್ಳಲು ಹೊತ್ತೆಲ್ಲಿ? ಹುಡುಗಿ ಒಪ್ಪಿಗೆಯಾಗಿ, ಗಂಡಿನ ಸೋದರತ್ತೆ ಹೂ ಮುಡಿಸಲು ಜಡೆಯ ಹತ್ತಿರ ಬಗ್ಗಿದವಳು ಮೂಗು ಸೊಟ್ಟಗೆ ಮಾಡಿ ಹೂವನ್ನು ತಟ್ಟೆಗೇ ವಾಪಸ್ಸು ಇಟ್ಟಳಂತೆ. "ಮಗೀಗೆ ತಲೇಲಿ ಏನೋ ಕಾಯಿಲೆ ಇರ್ಬೇಕು" ಎಂದು ಎದ್ದು ಹೋದರಂತೆ. ಮಾರನೇ ವಾರದ ಹೊತ್ತಿಗೆ ಕುಣಿಗಲ್ಲಿನಲ್ಲಿ, ವ್ಯಾನಿಗೆ ಹೋಗುವ ಹುಡುಗಿಯರ ಮೈಯೇ ಹಾಗೆ ಎಂಬ ಮಾತು ಹಬ್ಬಿತು. ಜಯಲಕ್ಷ್ಮಿಯ ತಾಯಿ ಗಂಗಮ್ಮ ಬೀದಿಯಲ್ಲಿ ನಿಂತು, "ಟೈಪೂ ಬ್ಯಾಡ, ಕೆಲ್ಸಾನೂ ಬ್ಯಾಡ. ನನ್ ಮಗಳ ಮಾನ ಕಳೆದ್ರಲ್ಲ ಸ್ವಾಮಿ!" ಎಂದು ಕೂಗಿದಳು. ಆಮೇಲೆ ಒಬ್ಬ ಹುಡುಗಿಯೂ ಬರಲಿಲ್ಲ. ಪರೀಕ್ಷೆಗೆ ಕಟ್ಟಿದ್ದವರೆಲ್ಲ ಮನೆ ಸೇರಿದರು.

ಸಾರ್ ಮಾತ್ರ ತಪ್ಪದೆ ಕುಣಿಗಲ್ಲಿಗೆ ವ್ಯಾನು ಒಯ್ಯುತ್ತಿದ್ದರು. ಹುಣಸೆಮರದ ಕೆಳಗೆ ನಿಲ್ಲಿಸಿ, ಛಾವಣಿ ಎತ್ತಿ, ಮೆಷಿನ್ನುಗಳ ಕವರು ತೆಗೆದು, ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುವರು. ಎದುರಿಗೆ ಯಾರೂ ಇಲ್ಲ. ನನಗೆ ಅದನ್ನು ನೋಡಿ ಕೋಪವೂ ಬರುತ್ತಿತ್ತು, ಅಯ್ಯೋ ಎಂದೂ ಅನ್ನಿಸುತ್ತಿತ್ತು.

ಅಂಥದೊಂದು ಮಧ್ಯಾಹ್ನ ನಾನು ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಕಾಫಿ ತರಲು ಹೋಗಿದ್ದೆ. ಹಿಂದಿರುಗುವಾಗ ವ್ಯಾನಿನಿಂದ ಹತ್ತು ಮಾರು ದೂರಕ್ಕೇ ಪೆಟ್ರೋಲು ಮೂಗಿಗೆ ಹೊಡೆಯಿತು. ಮೆಷಿನ್ನಿನ ಅಕ್ಷರದ ಅಚ್ಚು ತೊಳೆಯಲು ಇಟ್ಟುಕೊಂಡಿದ್ದ ಸೀಸೆ ಬೆಂಚಿನ ಹಿಂದೆ ಉರುಳಿ ಖಾಲಿಯಾಗಿ, ನೆಲವೆಲ್ಲ ಒದ್ದೆ. ಅದನ್ನು ಒರೆಸಿದ ನೀರೆಂದುಕೊಂಡು ಸಾರ್ ಆ ಒದ್ದೆಯ ಮಧ್ಯೆ ಕೂತಿದ್ದಾರೆ, ಎಡಗೈಯಲ್ಲಿ ಊದುಬತ್ತಿ, ಕಡ್ಡಿಪೆಟ್ಟಿಗೆ, ಬಲಗೈಯಲ್ಲಿ ಬೆಂಕಿಕಡ್ಡಿ, ಇನ್ನೇನು ಗೀರಬೇಕು. ನಾನು ಫ್ಲಾಸ್ಕು ಬಿಸಾಡಿ, ಹತ್ತಿ, ಅವರ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತು ಹೊರಗೆಸೆದೆ.

"ಏನಾಯ್ತಮ್ಮ?" ಎಂದರು, ನಿಜವಾಗಿ ಏನೂ ತಿಳಿಯದವರಂತೆ.

"ಏನಾಯ್ತು ಅಂತೀರಲ್ಲ ಸಾರ್! ಪೆಟ್ರೋಲು! ಬೀದಿಗೆಲ್ಲ ವಾಸನೆ ಬರ್ತಿದೆ, ನಿಮ್ಗೆ ಮೂಗಿಲ್ವಾ?"

ಸಾರ್ ನೆಲ ನೋಡಿದರು, ಸೀಸೆ ನೋಡಿದರು. ಕೆಳಗಿಳಿದು ಮರದ ಬೇರಿನ ಮೇಲೆ ಕೂತು, "ಇಲ್ಲಮ್ಮ, ಇಲ್ಲ" ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ.

"ಸಣ್ಣ ಮಗು ಇದ್ದಾಗ ಸಿಡುಬು ಬಂತಂತೆ. ಅವತ್ತಿಂದ ನನ್ಗೆ ವಾಸನೆ ಅನ್ನೋದೇ ಇಲ್ಲ. ಒಂದೂ ನೆನಪಿಲ್ಲ. ಸ್ಕೂಲಲ್ಲಿ ಹುಡುಗ್ರು ಗಂಧ ಕಣೋ ಅಂತ ಸಗಣಿ ಮೂಸಿಸಿ ನಗೋರು. ಆಮೇಲೆ ನಾನು ಕಲ್ತೆ. ಎಲ್ರೂ ಆಹಾ ಅಂದ್ರೆ ನಾನೂ ಆಹಾ ಅನ್ನೋದು. ಎಲ್ರೂ ಮೂಗು ಮುಚ್ಕೊಂಡ್ರೆ ನಾನೂ ಮುಚ್ಕೊಳ್ಳೋದು. ಮುಖದ ಮೇಲಿನ ಕಲೆ ಸಾಲ್ದು ಅಂತ ಇದನ್ನ ಬೇರೆ ಊರಿಗೆಲ್ಲ ಹೇಳ್ಲಾ? ಈ ವ್ಯಾನಲ್ಲಿ ಏನಿದೆ ಅಂತ ನನಗೆ ಗೊತ್ತಾಗಲ್ಲ ಕಣಮ್ಮ. ಒಬ್ರು ಇಲ್ಲ ಅಂತಾರೆ, ನೀನು ಇದೆ ಅಂತೀಯ. ನಾನು ಯಾರನ್ನ ನಂಬ್ಲಿ?"

ಪಾಪ ಎನ್ನಿಸಿತು, ಇಷ್ಟು ದಿನ ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಸಿಟ್ಟೇ ಮೊದಲು ಬಾಯಿಗೆ ಬಂತು. "ನನ್ನ ನಂಬಿ ಸಾರ್. ಇನ್ಮೇಲೆ ನಾನು ಹೇಳಿದ್ದೇ ವಾಸನೆ" ಎಂದೆ.

ಪೆಟ್ರೋಲು ಆರಿದ ಮೇಲೆ ಮಾರನೆಯ ದಿನ ನಾನು ವ್ಯಾನನ್ನು ನಾಯಿಮರಿಯ ಹಾಗೆ ಮೂಸಲು ಹೊರಟೆ. ಪರದೆ, ಬೆಂಚು, ಪ್ಲೈವುಡ್ಡು, ಬೆಂಚಿನ ಕೆಳಗಿದ್ದ ಪರದೇಶದವರ ಸ್ಪಂಜಿನ ಹಾಸಿಗೆ. ಸಾರ್ ನನ್ನ ಹಿಂದೆಯೇ, ಡಾಕ್ಟರ ಮುಖ ನೋಡುವ ರೋಗಿಯ ನೆಂಟರ ಹಾಗೆ. ಹಾಸಿಗೆಯಲ್ಲೂ ಇತ್ತು. ಆದರೆ ಸ್ಟೂಲು ಹತ್ತಿ ಛಾವಣಿಯ ಕ್ಯಾನ್ವಾಸಿನ ಮಡಿಕೆಗೆ ಮೂಗು ಹಚ್ಚಿದೆನೋ ಇಲ್ಲವೋ, ಕೆಮ್ಮು ಒತ್ತರಿಸಿ ಬಂತು. ಬಿಡಿಸಿ ನೋಡಿದರೆ ಮಡಿಕೆಗಳ ಒಳಗೆಲ್ಲ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಅಂಚಿನಲ್ಲಿ ಹಸಿರು ಬೂಷ್ಟು. ಬಟ್ಟೆ ಮುಟ್ಟಿದರೆ ತಣ್ಣಗೆ. ಮಳೆ ಹೋಗಿ ತಿಂಗಳುಗಳಾಗಿವೆ, ಈ ತೇವ ಎಲ್ಲಿಂದ?

"ಸಾರ್, ಇದಕ್ಕೆ ನೀರು ಎಲ್ಲಿಂದ ಬರುತ್ತೆ?"

"ನೀರೆಲ್ಲಿ? ದಿನಾ ಸಾಯಂಕಾಲ ನಾನೇ ನೀಟಾಗಿ ಒರೆಸ್ತೀನಲ್ಲ. ಈ ರೋಡಿನ ಧೂಳೆಲ್ಲ ಬಟ್ಟೇಲಿ ಕೂರುತ್ತೆ. ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿ, ಮತ್ತೆ ಧೂಳು ಕೂರೋಕ್ ಮುಂಚೆ ಟಪ್ ಅಂತ ಛಾವಣಿ ಇಳಿಸಿಬಿಡ್ತೀನಿ" ಎಂದರು ಹೆಮ್ಮೆಯಿಂದ.

ನಾನು ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಆ ಒದ್ದೆ ಬಟ್ಟೆಗೆ ಬಕೆಟ್ಟಿನಲ್ಲಿ ನೀರು ತಂದುಕೊಡುತ್ತಿದ್ದವಳು ನಾನೇ. ಮನೆಯಲ್ಲಾದರೆ ಹಸಿ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕಿದವರಿಗೆ ಬಾಯಿಗೆ ಬಂದಂತೆ ಬಯ್ಯುವವಳು. ಆದರೆ ಇನ್‌ಸ್ಟಿಟ್ಯೂಟಿನ ಗಂಟೆ ಹೊಡೆದರೆ ಒರೆಸು, ಮುಚ್ಚು ಎನ್ನುವುದು ಕೈಗೆ ಹತ್ತಿಬಿಟ್ಟಿತ್ತು, ಅದರಾಚೆ ತಲೆ ಓಡುತ್ತಲೇ ಇರಲಿಲ್ಲ. ಟೈಪ್‌ರೈಟರಿಗೆ ಕವರು ಹಾಕಿದ ಹಾಗೆ ನಾವು ದಿನದಿನವೂ ಹಸಿ ಕ್ಯಾನ್ವಾಸನ್ನು ಮಡಚಿ ಚಿಲಕ ಹಾಕುತ್ತಿದ್ದೆವು. ಧೂಳು ಬರದಿರಲೆಂದು ಬೂಷ್ಟು ಸಾಕಿದ್ದೆವು.

ಕಾರಣ ತಿಳಿದದ್ದು ಸುಲಭ, ಸಾರ್ ಅವರನ್ನು ಒಪ್ಪಿಸಿದ್ದು ಕಷ್ಟ. ಛಾವಣಿ ಎತ್ತಿಯೇ ಬಿಡಬೇಕು, ಬಿಸಿಲು ಗಾಳಿ ಆಡಬೇಕು ಎಂದೆ. "ಧೂಳು ತುಂಬ್ಕೊಳ್ಳುತ್ತೆ!" ಎಂದರು, ಕಳ್ಳರು ನುಗ್ಗುತ್ತಾರೆ ಎನ್ನುವಂತೆ. "ತುಂಬ್ಕೊಳ್ಳಲಿ ಬಿಡಿ ಸಾರ್. ಧೂಳಿನ ವಾಸನೆಗೆ ಯಾರೂ ಹೂ ವಾಪಸ್ ಇಡಲ್ಲ" ಎಂದು ಜೋರು ಮಾಡಿದೆ. ಮೆಷಿನ್ನುಗಳನ್ನು ಇಳಿಸಿ ಮಹಡಿಗೆ ಸಾಗಿಸಿದೆವು. ಸ್ಪಂಜಿನ ಹಾಸಿಗೆ ತಿಪ್ಪೆಗೆ ಹೋಯಿತು. ಇನ್‌ಸ್ಟಿಟ್ಯೂಟಿನ ಹಿಂದಿನ ಬಯಲಲ್ಲಿ ವ್ಯಾನು ನಿಲ್ಲಿಸಿ, ಛಾವಣಿ ಎತ್ತಿ, ಮೊದಲು ಒಣ ನಾರಿನ ಬ್ರಷ್ಷಿನಲ್ಲಿ ಬೂಷ್ಟು ಉದುರಿಸಿದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಚುಕ್ಕೆಗಳಿಗೆ ನಿಂಬೆಹಣ್ಣು, ಉಪ್ಪು ತಿಕ್ಕಿ ಬಿಸಿಲಿಗೆ ಬಿಟ್ಟೆ. ಆಮೇಲೆ ಅಂಟುವಾಳದ ನೀರಿನಲ್ಲಿ ತೊಳೆದು ಮತ್ತೆ ಬಿಸಿಲಿಗೆ. ಮೂಲೆಗಳಲ್ಲಿ ತೆಂಗಿನ ಕರಟದ ತುಂಬ ಸುಣ್ಣದ ಹರಳು ಇಟ್ಟೆ, ತೇವ ಹೀರಲಿ ಎಂದು. ಶಿವರಾತ್ರಿ ಕಳೆದ ಮೇಲಿನ ತುಮಕೂರಿನ ಗಾಳಿ ಗೊತ್ತಲ್ಲ, ಬೀದಿಯ ಕೆಂಪುಮಣ್ಣನ್ನೆಲ್ಲ ತಂದು ವ್ಯಾನಿನೊಳಗೆ ಸುರಿಯಿತು. ಸಾರ್ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ವ್ಯಾನಿನ ಸುತ್ತ ಸುತ್ತುವರು. ನಾನು ಬಟ್ಟೆ ಕಿತ್ತುಕೊಳ್ಳುವೆ. ಅವರ ಸಂಕಟ ನೋಡಲಾಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಕೆಳಗೆ ನಿಂತು, "ಈಗ?" ಎಂದು ಕೇಳುವರು. "ಇದೆ ಸಾರ್" ಎನ್ನುವೆ. ಇನ್ನೊಂದು ದಿನ, "ಸ್ವಲ್ಪ ಇದೆ ಸಾರ್." ಬೇಸಿಗೆ ಏರಿದ ಮೇಲೆ ಒಂದು ದಿನ ಮಡಿಕೆಮಡಿಕೆಯನ್ನೂ ಮೂಸಿ, "ಇಲ್ಲ ಸಾರ್" ಎಂದೆ.

"ಮರ್ಯಾದೆಗೆ ಹೇಳ್ತಿಲ್ಲ ತಾನೆ?"

"ನಾನು ಯಾವತ್ತು ನಿಮ್ಗೆ ಮರ್ಯಾದೆಗೆ ಹೇಳಿದೀನಿ ಸಾರ್?"

ಮತ್ತೆ ಕುಣಿಗಲ್ಲಿಗೆ ಹೋದೆವು. ಹುಣಸೆಮರ, ಛಾವಣಿ, ಗಂಟೆ. ಯಾರೂ ಬರಲಿಲ್ಲ. ಬರುವುದಾದರೂ ಹೇಗೆ, ವಾಸನೆ ಹೋಯಿತೆಂದು ಡಂಗುರ ಹೊಡೆಸಲಾಗುತ್ತದೆಯೇ? ಸಾರ್ ಇದ್ದಕ್ಕಿದ್ದ ಹಾಗೆ ಎದ್ದು ನೇರ ಗಂಗಮ್ಮನ ಮನೆಯ ಕಡೆ ನಡೆದರು. ನಾನು ಹಿಂದೆ ಓಡಿದೆ. ಗಂಗಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು, ಅಕ್ಕಪಕ್ಕದ ಹೆಂಗಸರೂ ಇದ್ದರು. ಬಯ್ಯಲು ಬಾಯಿ ತೆರೆದಿದ್ದಳು. ಸಾರ್ ಅದಕ್ಕೆ ಮುಂಚೆಯೇ ಕೈ ಮುಗಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ತಾಯಿ, ನನ್ನ ಮೂಗಿಗೆ ವಾಸನೆ ಬರಲ್ಲ. ಸಣ್ಣವನಿದ್ದಾಗ ಸಿಡುಬಲ್ಲಿ ಹೋಯ್ತು. ನಿಮ್ಮ ಮಗಳಿಗೆ ಆಗಿದ್ದು ನನ್ನ ಗಾಡಿಯಿಂದ, ಅವಳ ತಲೇಲಿ ಏನೂ ಕಾಯಿಲೆ ಇಲ್ಲ. ಈಗ ಗಾಡಿ ಸರಿಹೋಗಿದೆ ಅಂತ ಇವಳು ಹೇಳ್ತಾಳೆ. ನನಗೆ ಗೊತ್ತಾಗಲ್ಲ. ನೀವೇ ಬಂದು ನಿಮ್ಮ ಮೂಗಲ್ಲಿ ನೋಡಿ ಹೇಳಿ."

ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಸಾರ್ ಮುಖ ಕೆಂಪಾಯಿತು, ಆದರೆ ಮುಗಿದ ಕೈ ಇಳಿಸಲಿಲ್ಲ. ಅವರು ಬಾಳೆಲ್ಲ ಮುಚ್ಚಿಟ್ಟಿದ್ದನ್ನು ಹೀಗೆ ಬೀದಿಯಲ್ಲಿ ಬಿಚ್ಚಿದ್ದು ಕಂಡು ನನಗೆ ಅವರ ಪಕ್ಕ ಹೋಗಿ ನಿಂತುಕೊಳ್ಳಬೇಕು ಎನ್ನಿಸಿತು, ನಿಂತೆ. ಗಂಗಮ್ಮ ಮೊರ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದಳು. "ಅಯ್ಯೋ ಸಿವನೇ" ಎಂದಳು. ಎದ್ದು ಬಂದು ವ್ಯಾನು ಹತ್ತಿ, ಕ್ಯಾನ್ವಾಸಿನ ಒಳಗೆ ತಲೆಯಿಟ್ಟು ಜೋರಾಗಿ ಉಸಿರೆಳೆದಳು. ಇಳಿದು, "ಈಗ್ಲೇ ಹೇಳಕಿಲ್ಲ. ನಮ್ ಜಯ ಒಂದು ಗಂಟೆ ಕೂತ್ಕೊಳ್ಲಿ, ಎದ್ದ ಮ್ಯಾಲೆ ನೋಡ್ತೀನಿ" ಎಂದಳು.

ಜಯಲಕ್ಷ್ಮಿ ತಲೆ ತಗ್ಗಿಸಿಕೊಂಡು ಬಂದು ಕೂತಳು. ಎಷ್ಟೋ ತಿಂಗಳಾಗಿದ್ದರಿಂದ ಬೆರಳು ತಪ್ಪುತ್ತಿತ್ತು. ಗಂಗಮ್ಮ ಹೊರಗೆ ಕಲ್ಲಿನ ಮೇಲೆ ಕೂತೇ ಇದ್ದಳು, ಅಕ್ಕಪಕ್ಕದವರೂ ಬಂದು ಸೇರಿದರು. ಸಾರ್ ಅವತ್ತು ಪಾಠದ ಕಡೆ ಗಮನವನ್ನೇ ಕೊಡಲಿಲ್ಲ, ಹೊರಗೂ ಒಳಗೂ ನೋಡುತ್ತ ನಿಂತಿದ್ದರು. ಗಂಟೆ ಹೊಡೆಯಿತು. ಹುಡುಗಿ ಇಳಿದ ಕೂಡಲೇ ಗಂಗಮ್ಮ ಅವಳನ್ನು ಹಿಡಿದು ತಿರುಗಿಸಿ, ಜಡೆಗೆ ಮೂಗು ಒತ್ತಿದಳು. ಬುಡದಿಂದ ತುದಿಯವರೆಗೂ ಮೂಸಿದಳು.

"ಬರೀ ಕೊಬ್ರಿ ಎಣ್ಣೆ ವಾಸ್ನೆ ಕಣ್ರಮ್ಮೋ!" ಎಂದು ಕೂಗಿದಳು ಗಂಗಮ್ಮ. ಹೆಂಗಸರೆಲ್ಲ ಹೋ ಎಂದು ನಕ್ಕರು. ಜಯಲಕ್ಷ್ಮಿಯೂ ನಕ್ಕಳು. ನಾನೂ ನಕ್ಕೆ.

ಸಾರ್ ಮಾತ್ರ ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಮೆಲ್ಲಗೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಬಗ್ಗಿ ಕೇಳಿದರು.

"ಎಲ್ರೂ ನಗ್ತಿದಾರಲ್ಲಮ್ಮ... ಅದು ಒಳ್ಳೇ ವಾಸನೇನೋ, ಕೆಟ್ಟದ್ದೋ?"

"ಒಳ್ಳೇದು ಸಾರ್" ಎಂದೆ. "ತುಂಬ ಒಳ್ಳೇದು."